ಎಲೆಯ ಅಂಚಿನ ಗುಳಿ

ಬ್ರೂಚನ್ನು ಕೊನೆಯ ಸಲ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಬೆಳ್ಳಿ ರಿಪೇರಿಯವನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು. ಸೆರಗಿಗೆ ಚುಚ್ಚಿಕೊಳ್ಳುವಂಥದ್ದು, ಅಜ್ಜಿಯ ಕಾಲದ್ದು, ತೆಳು ತಗಡಿನ ಮೂರು ಎಲೆ, ನಡುವೆ ಒಂದು ಮೊಗ್ಗು. ಉಬ್ಬಿದ ಕಡೆ ಮಾತ್ರ ಬೆಳಗಿ, ಸಂದಿಗಳ ಕಪ್ಪನ್ನು ಹಾಗೇ ಬಿಟ್ಟಿದ್ದ. ಆ ಕಪ್ಪು ಹೋದರೆ ಹಳೆಯ ಬೆಳ್ಳಿ ನಿನ್ನೆ ಮೊನ್ನೆ ತಂದ ಚಮಚದ ಹಾಗೆ ಕಾಣುತ್ತದೆ ಎಂದು ಗಿರಾಕಿಗಳಿಗೆಲ್ಲ ಭಾಷಣ ಬಿಗಿಯುವವನು ಅವನು.

ಅಕ್ಕ ಹೇಳಿದ್ದು ಸಡಿಲವಾದ ಪಿನ್ನನ್ನು ಸರಿಮಾಡು ಎಂದಷ್ಟೇ. ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಹೊಸ್ತಿಲು ದಾಟದೆ ಕೂತಿದ್ದವಳು, ನಾಳೆಯಿಂದ ಮತ್ತೆ ಪಾಠ ಮಾಡಲು ಶಾಲೆಗೆ ಹೋಗುತ್ತೇನೆ, ಇದು ಮೈಮೇಲಿದ್ದರೆ ಹೋದೇನು ಎಂದಿದ್ದಳು. ಅಂಥ ಅಕ್ಕನಿಗೆ ಬರೀ ಪಿನ್ನು ಹಾಕಿ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಮೊದಲೇ ಅವನದು ಸುಮ್ಮನಿರುವ ಕೈಯಲ್ಲ. ಒಂದು ಎಲೆಯ ಅಂಚಿನಲ್ಲಿ ಎರಡು ಸಣ್ಣ ಗುಳಿಗಳಿದ್ದವು. ಹಿಂದಿನಿಂದ ಮರದ ಕಡ್ಡಿಯಲ್ಲಿ ಒತ್ತಿ ಎಬ್ಬಿಸಿ, ಉಕ್ಕಿನ ಕಡ್ಡಿಯಲ್ಲಿ ತೀಡಿ, ಗುಳಿ ಇತ್ತೆಂದು ಆಣೆಯಿಟ್ಟರೂ ಯಾರೂ ನಂಬದಂತೆ ಮಾಡಿದ್ದ.

ಸಂಜೆ ಬಂದ ಅಕ್ಕ ಬ್ರೂಚನ್ನು ನೋಡಲೇ ಇಲ್ಲ. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಎಲೆಯ ಅಂಚನ್ನು ಸವರಿದಳು. ಮತ್ತೆ ಸವರಿದಳು. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡಳು.

“ಇಲ್ಲಿ ಗುಳಿ ಇತ್ತಲ್ಲೋ?”

“ತೆಗೆದೆ ಅಕ್ಕ. ಎಲ್ಲೋ ಬಿದ್ದು ನೆಗ್ಗಿರ್ಬೇಕು ಅಂದ್ಕೊಂಡೆ.”

“ಹಲ್ಲು ಬರ್ತಿತ್ತಲ್ಲ ಅವಳಿಗೆ. ಎತ್ಕೊಂಡಾಗ್ಲೆಲ್ಲ ಇದನ್ನೇ ಕಚ್ಚೋಳು.”

ಅವನ ಬಾಯಿಗೆ ಕೆಲಸದವನ ಮಾತೇ ಬಂತು.

“ಮತ್ತೆ ಹಾಗೇ ಮಾಡ್ಕೊಡ್ಲಾ?”

“ಯಾರ ಹಲ್ಲಲ್ಲಿ ಮಾಡ್ತೀಯ?”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ತಲೆತಗ್ಗಿಸಿ, ಆಗಲೇ ಚೊಕ್ಕಟವಾಗಿದ್ದ ಮೇಜನ್ನು ಒರೆಸತೊಡಗಿದ.

ಅವಳೇ ಬ್ರೂಚನ್ನು ಅವನ ಕೈಗಿಟ್ಟು, ನೀನೇ ಹಾಕಿಬಿಡು ಎಂದಳು. ಹೆಗಲ ಬಳಿ ಚುಚ್ಚಿ ಕೊಂಡಿ ಒತ್ತಿದ. ಪಿನ್ನು ಟಕ್ಕೆಂದು ಕೂತಿತು. ಇನ್ನು ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಅಕ್ಕ ಬೀದಿ ದಾಟಿ ಬಸ್ಸಿಗೆ ಕಾಯುತ್ತ ನಿಂತಳು. ಅವನು ಬಾಗಿಲಲ್ಲೇ ನಿಂತು ನೋಡಿದ. ಅವಳ ಹೆಬ್ಬೆರಳು ನುಣುಪಾದ ಎಲೆಯ ಅಂಚಿನಲ್ಲಿ ಅತ್ತಿಂದಿತ್ತ ಹುಡುಕುತ್ತಲೇ ಇತ್ತು.