ಕಮಿಟಿಯ ಮುಂದೆ ಚಿಕ್ಕಮ್ಮ

"ಹೊಲಗೇರಿ ಕಿಡ್ನಿ ಅಲ್ಲವೇನೇ, ಮುಂಡೇ! ಅದಕ್ಕೇ ನನ್ನ ಮಗನ ಮೈಗೆ ಒಗ್ಗಲಿಲ್ಲ!"

ಕೋಲ್ಕತ್ತಾದ ಆಸ್ಪತ್ರೆಯ ಮೊಗಸಾಲೆಯಲ್ಲಿ ಗೌರಮ್ಮ ಕೂಗಿದರು. ಕನ್ನಡವಾದ್ದರಿಂದ ಸುತ್ತಲಿನ ಬಂಗಾಳಿಗಳಿಗೆ ಅರ್ಥವಾಗಲಿಲ್ಲ, ಅರ್ಥವಾಗಬೇಕಾದವಳಿಗೆ ಆಯಿತು.

ತುಳಸಿಯನ್ನು ವರ್ಷಗಳ ಹಿಂದೆ ನಂಜನಗೂಡಿನ ಕಡೆಯಿಂದ ಕೋಲ್ಕತ್ತಾದ ಮನೆಗೆ ಪಾತ್ರೆ ತಿಕ್ಕಲು ಕರೆತಂದಿದ್ದರು. ಹೋದ ವರ್ಷ ಗೌರಮ್ಮನ ಮಗ ಶ್ರೀವತ್ಸನ ಎರಡೂ ಕಿಡ್ನಿ ಕೆಟ್ಟವು. ತಾಯಿಗೆ ಸಕ್ಕರೆ ಕಾಯಿಲೆ, ತಂದೆಗೆ ಬಿಪಿ, ಹೊಂದಿದ್ದು ತುಳಸಿಯದೇ. ಹೊರಗಿನವರು ಕೊಟ್ಟರೆ ಒಪ್ಪಿಗೆ ಕೊಡುವ ಆಸ್ಪತ್ರೆಯ ಕಮಿಟಿ ನೂರೆಂಟು ಪ್ರಶ್ನೆ ಕೇಳುತ್ತದೆಂದು ಕಾಗದದಲ್ಲಿ ಅವಳನ್ನು ಹುಡುಗನ ಚಿಕ್ಕಮ್ಮ ಮಾಡಿದರು. ಊರಲ್ಲಿ ಅವಳ ಗುಡಿಸಲು ಇದ್ದದ್ದು ಇವರ ಜಾಗದಲ್ಲೇ, ಇಲ್ಲವೆನ್ನಲು ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ಚಿಕ್ಕಮ್ಮ, ಮನೆಯಲ್ಲಿ ಅವಳು ತೊಳೆದ ಪಾತ್ರೆಗೆ ನೀರು ಚಿಮುಕಿಸಿಯೇ ಒಳಗೆ ಒಯ್ಯುತ್ತಿದ್ದರು. ಕಿಡ್ನಿ ಕೊಟ್ಟ ಮೇಲೆ ಬಕೆಟ್ ಎತ್ತಿದರೆ ಅವಳಿಗೆ ಪಕ್ಕೆ ಹಿಡಿಯುತ್ತದೆ.

ಡಾಕ್ಟರು ಹೊರಬಂದು ಹಿಂದಿಯಲ್ಲಿ ಹೇಳಿದರು: "ಯಾರ ಕಿಡ್ನಿಯಾದರೂ ಮೈ ಅದನ್ನು ಹೊರಗಿನದೆಂದೇ ತಿಳಿದು ಕೊಲ್ಲಲು ನೋಡುತ್ತದೆ. ಹೆತ್ತ ತಾಯಿಯದಾದರೂ ಅಷ್ಟೇ. ಅದನ್ನು ತಡೆಯುವುದೇ ನಾವು ಕೊಟ್ಟ ಮಾತ್ರೆ. ಜೀವವಿರುವವರೆಗೂ ತಪ್ಪಿಸುವಂತಿಲ್ಲ. ನಿಮ್ಮ ಮಗ ಯಾಕೆ ಬಿಟ್ಟ?"

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಿಡಿಸಿದ್ದು ಅವರೇ. ಮಾತ್ರೆಯಿಂದ ಮುಖ ಊದುತ್ತಿತ್ತು. ಹುಡುಗನಿಗೆ ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕೈತುಂಬ ಸಂಬಳ, ಹೆಣ್ಣಿನ ಕಡೆಯವರು ಮುಖ ನೋಡಿ ಏನೆಂದಾರು! ಇಷ್ಟು ವರ್ಷದಲ್ಲಿ ತುಳಸಿಗೂ ಹಿಂದಿ ಬಂದಿತ್ತು. ಡಾಕ್ಟರ ಮಾತು ಕೇಳಿ ಅವಳಿಗೆ ಎಲ್ಲ ತಿಳಿಯಿತು. ಅವಳ ಒಡಲಿನ ತುಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಲಿಯಾಗಿತ್ತು.

ಶ್ರೀವತ್ಸ ಮತ್ತೆ ಡಯಾಲಿಸಿಸ್ ಯಂತ್ರಕ್ಕೆ ಬಿದ್ದ. ಗೌರಮ್ಮನ ಬೈಗುಳ ಬೆಣ್ಣೆಯಾಯಿತು.

"ತುಳಸೀ, ನಿನ್ನ ಮಗಳು ಅಹಲ್ಯಂದೂ ಅದೇ ಗ್ರೂಪಂತಲ್ಲೇ. ವಯಸ್ಸಿನ ಹುಡುಗಿ, ಒಂದಿದ್ರೂ ಬದುಕ್ತಾಳೆ. ಚಿಕ್ಕಮ್ಮನ ಮಗಳು ಅಂದ್ರಾಯ್ತು."

ತುಳಸಿಗೆ ಇದ್ದದ್ದು ಆ ಒಂದೇ ಕುಡಿ.

"ಆಗ್ಲಿ ಕನವ್ವಾ," ಎಂದಳು. "ಕಮಿಟಿ ಮುಂದ್ಕೇ ಹೋಗವಾ."

ಕಮಿಟಿಯ ದೊಡ್ಡವರು ಮೇಜಿನ ಹಿಂದೆ ಕುಳಿತು, ಮಗಳೊಂದಿಗೆ ಬಂದಿದ್ದ ತುಳಸಿಯನ್ನು ಕೇಳಿದರು: "ನೀವು ರೋಗಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ, ಸಾಬ್," ಎಂದಳು ತುಳಸಿ ತನ್ನ ಮುರುಕು ಹಿಂದಿಯಲ್ಲಿ. "ಪಾತ್ರೆ ತಿಕ್ಕುವವಳು. ಹೋದ ಸಲ ಸುಳ್ಳು ಹೇಳಿಸಿ ಕುಯ್ದರು." ಸೀರೆ ಸರಿಸಿ ಪಕ್ಕೆಯ ಗಾಯ ತೋರಿಸಿದಳು. ಬರೆಯುತ್ತಿದ್ದವರ ಪೆನ್ನು ನಿಂತಿತು.

ಗೌರಮ್ಮ ಎಲ್ಲರೆದುರು ನೆಲಕ್ಕೆ ಕುಸಿದು ಅವಳ ಪಾದಕ್ಕೆ ಕೈ ಚಾಚಿದರು. "ನನ್ನ ಮಗನ್ನ ಉಳಿಸೇ ತುಳಸೀ, ನಿನ್ನ ಕಾಲಿಗೆ ಬೀಳ್ತೀನಿ!"

ತುಳಸಿ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಮುಟ್ಬ್ಯಾಡಿ ಕನವ್ವಾ, ಮೈಲ್ಗೆ ಆಯ್ತದೆ."

ಮಗಳ ರಟ್ಟೆ ಹಿಡಿದು ಬಾಗಿಲಿನ ಕಡೆ ನಡೆದಳು.