ಮೊದಲು ನೀರು

“ಎಬ್ಬಸ ಆ ಬೋಸುಡಿ ಮಗಳನ್ನ! ಚಾಪಿ ಮ್ಯಾಲಿಂದ ಎಬ್ಬಸ!”

ಇಬ್ರಾಹಿಂಸಾಬ ಸಾವುಕಾರ ಹೊಸ್ತಿಲಲ್ಲೇ ನಿಂತು ಕೂಗಿದ. ಒಳಗೆ ಹುಡುಗಿಯರು ಕೈಯಲ್ಲಿ ರಾಟೆ ತಿರುಗಿಸುತ್ತ, ಬಾಯಲ್ಲಿ ಅಲಿಫ್, ಬೇ ಎಂದು ಅಕ್ಷರ ಹೇಳುತ್ತಿದ್ದರು. ಬಾಯಿ ನಿಂತಿತು. ರಾಟೆ ನಿಲ್ಲಲಿಲ್ಲ. ಸಾವುಕಾರನ ಮುಂದೆ ರಾಟೆ ನಿಲ್ಲಿಸಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಇಳಕಲ್ಲಿನ ಆ ಓಣಿಯಲ್ಲಿ ವಿಧವೆ ರೋಷನಬಿ ಇದ್ದು ಪಾಠ ಹೇಳುತ್ತಿದ್ದ ಮನೆಯೇ ಹೆಣ್ಣುಮಕ್ಕಳ ಮದರಸಾ. ಮನೆ ಸಾವುಕಾರನದು. ಬಾಡಿಗೆ ಇಲ್ಲ, ಹುಡುಗಿಯರು ಅವನ ಮಗ್ಗಗಳ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಬೇಕು, ಅಷ್ಟೇ. ಇದು ತನ್ನ ಪುಣ್ಯದ ಕೆಲಸವೆಂದು ಅವನು ಮಸೀದಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಅವನು ಎಬ್ಬಿಸೆಂದದ್ದು ಚಾಪೆಯ ಮೂಲೆಯಲ್ಲಿದ್ದ ರೇಣವ್ವನನ್ನು. ಊರಾಚೆಯ ಕೇರಿಯ ಹುಚ್ಚವ್ವನ ಮಗಳು. ಬೇಸಿಗೆಯಲ್ಲಿ ಸಾವುಕಾರನ ನೂಲಿನ ಗಂಟು ಹೊತ್ತು ಮೊದಲ ಸಲ ಬಂದಿದ್ದಳು. ರೋಷನಬಿಯ ಮೊದಲ ಪಾಠ ಅಕ್ಷರದ್ದಲ್ಲ. ಬಾಗಿಲಿಗೆ ಯಾರೇ ಬರಲಿ, ಮೊದಲು ನೀರು ಕೊಡಬೇಕು. ಯಾರ ಪೈಕಿ ಎಂದು ಆಮೇಲೆ ಕೇಳಬೇಕು. ಅಂದು ಬಾಗಿಲ ಸರದಿ ಇದ್ದ ಮಲಿಕಾ ತಂಬಿಗೆ ತುಂಬಿ ಕೊಟ್ಟಳು. ಆಮೇಲೆ ಕೇಳುವುದನ್ನು ಮರೆತಳು. ರೇಣವ್ವ ನೀರು ಕುಡಿದು ಚಾಪೆಯ ಮೇಲೆ ಕುಳಿತಳು. ಅಂದಿನಿಂದ ದಿನಾ ಬಂದಳು.

“ಆಕಿ ಸುತ್ತಿದ ಕಂಡಿಕಿ ಒಯ್ತೀರಲ್ರಿ?” ರೋಷನಬಿ ಕೇಳಿದಳು.

“ಕಂಡಿಕಿಗಿ ಜಾತಿ ಐತೇನ? ಕಟ್ಟಿ ಮ್ಯಾಗ ಕುಂತು ಸುತ್ತಲಿ. ಚಾಪಿ ಮುಟ್ಟಬಾರ್ದು, ಗಡಿಗಿ ಮುಟ್ಟಬಾರ್ದು.”

“ಮುಟ್ಟಬಾರ್ದು ಅಂತ ನಮ್ಮ ದೀನ-ಧರ್ಮದಾಗ ಎಲ್ಲೈತ್ರಿ?”

“ನೀ ನನಗ ದೀನ ಕಲಸ್ತಿ? ಮನಿ ಖಾಲಿ ಮಾಡಸ್ಲೇನ?”

ಸಾವುಕಾರನ ಹಿಂದೆ ಹುಲ್ಲಪ್ಪಗೌಡನೂ ಬಂದಿದ್ದ. ಹುಚ್ಚವ್ವ ಅವನ ಹೊಲದಾಳು.

“ತಮಿಳು ಸೀಮ್ಯಾಗ ಊರಿಗೂರಽ ಜಾತಿ ಬಿಟ್ಟು ಮಸೂತಿಗಿ ಹೋತಂತ, ಪೇಪರಿನ್ಯಾಗ ಬಂದೈತಿ,” ಎಂದ ಗೌಡ. “ಜಾತಿ ಕೆಡಸಾಕ ಹತ್ತಿಯೇನಬೇ? ಇವರು ಓದಾಕ ಕುಂತ್ರ ನನ್ನ ಶೇಂಗಾ ಕೀಳಾವ್ರು ಯಾರು?”

“ನಾ ಯಾರನೂ ನಮ್ಮ ಜಾತಿಗಿ ಕರದಿಲ್ರಿ ಗೌಡ್ರ. ಆಕಿ ದುರಗವ್ವನ ಕುಂಕುಮ ಹಚ್ಕೊಂಡಽ ಬರ್ತಾಳ. ಹಚ್ಕೊಂಡಽ ಹೋಗ್ತಾಳ.”

“ಅದಽ ಇನ್ನೂ ಹೊಲಸು, ಕೇರಿಯಾಕಿ ಕೇರಿಯಾಕಿಯಾಗೇ ಚಾಪಿ ಮ್ಯಾಲ ಕುಂದ್ರೂದು,” ಎಂದ ಸಾವುಕಾರ.

ಗೌಡ ಹೌದೆಂದು ತಲೆಯಾಡಿಸಿದ. ಹೋಗುವಾಗ ಇಬ್ಬರೂ ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡರು.

ಮರುದಿನ ರೋಷನಬಿ ಚಾಪೆ ಸುತ್ತಿ ತಂದು ಓಣಿಯಲ್ಲಿ ಹಾಸಿದಳು. ನೀರಿನ ಗಡಿಗೆಯನ್ನೂ ತಂದಿಟ್ಟಳು. ರಾಟೆಗಳು ಒಳಗೇ ಉಳಿದವು.

“ಇವತ್ತ ಬರೇ ಓದು,” ಎಂದಳು.

“ಮನಿ ಬಿಡಸ್ತಾರಂತಲ್ರಿ?” ಮಲಿಕಾ ಹೆದರಿ ಕೇಳಿದಳು.

“ಅದಕ್ಕಽ ಮೊದಲಽ ಹೊರಗ ಬಂದೇನಿ. ಕುಂದರು.”

ರೇಣವ್ವ ಕಟ್ಟೆಯ ಕಡೆ ನೋಡಿದಳು. ಮಲಿಕಾ ಅವಳ ರಟ್ಟೆ ಹಿಡಿದು ಚಾಪೆಗೆ ಎಳೆದಳು.

ಬಿಸಿಲೇರಿತು. ಕಂಡಿಕೆ ತೀರಿದ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಕೊನೆಯದೂ ನಿಂತ ಮೇಲೆ ಸಾವುಕಾರ ಬೆವರೊರೆಸಿಕೊಳ್ಳುತ್ತ ಬಂದ. ಏದುಸಿರು ಬಿಡುತ್ತ ಚಾಪೆಯ ಮುಂದೆ ನಿಂತ.

ಅಂದು ಬಾಗಿಲ ಸರದಿ ರೇಣವ್ವನದು. ಎದ್ದಳು. ಗಡಿಗೆಯಿಂದ ತಂಬಿಗೆ ತುಂಬಿ, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು.

“ಮೊದಲ ನೀರ ಕುಡೀರಿ,” ಎಂದಳು. “ಯಾರ ಪೈಕಿ ಅಂತ ಆಮ್ಯಾಲ ಕೇಳ್ತೇನಿ.”

ಬಾಗಿಲುಗಳಲ್ಲಿ ನೇಕಾರರು ನಿಂತಿದ್ದರು. ಸಾವುಕಾರನ ಕೈ ಮೇಲೆದ್ದಿತು, ತಂಬಿಗೆಗೋ, ಹುಡುಗಿಯ ಕೆನ್ನೆಗೋ.

ರೇಣವ್ವ ತಂಬಿಗೆ ಇಳಿಸಲಿಲ್ಲ.