ಹಗ್ಗದಲ್ಲಿ ಹೊಲಿದ ಲೈಟುಪೆಟ್ಟಿಗೆ

ನಾನು ಬಣ್ಣದ ಮೀನಿನ ಅಂಗಡಿಗೆ ಹೋದಾಗ ಅದರ ಮಾಲೀಕರು ದುರೈಪಾಂಡಿ ಅಣ್ಣಾಚಿ ಬಕೆಟ್ಟು ಎತ್ತಿಕೊಂಡು ಚರಂಡಿಯ ಕಡೆ ಹೊರಟಿದ್ದರು. ಮಾರಲು ತಂದಿದ್ದ ಗಪ್ಪಿ ಮೀನಿನ ಮರಿಗಳ ಪೊಟ್ಟಣ ಕೆಳಗಿಟ್ಟು ನಾನು ಬಕೆಟ್ಟಿನೊಳಕ್ಕೆ ಬಗ್ಗಿ ನೋಡಿದೆ. ಕಡಲ ಸೇವಂತಿಗೆ. ಬಂಡೆಗೆ ಅಂಟಿಕೊಂಡು, ಎಸಳಿನಂಥ ನೂರಾರು ಬೆರಳು ಆಡಿಸುತ್ತಾ ಬದುಕುವ ಪ್ರಾಣಿ ಅದು. ಕಂದು ಬಣ್ಣವೆಲ್ಲ ಹೋಗಿ ಬೆಂದ ಸಬ್ಬಕ್ಕಿಯ ಹಾಗೆ ಬೆಳ್ಳಗಾಗಿತ್ತು. ಬೆರಳಿಟ್ಟೆ, ಮೆಲ್ಲಗೆ ಹಿಡಿದುಕೊಂಡಿತು. ಹಿಡಿದುಕೊಳ್ಳುವ ಶಕ್ತಿ ಇರುವುದನ್ನು ಸತ್ತದ್ದು ಅಂತ ಹೇಗೆ ಚೆಲ್ಲುತ್ತಾರೋ ನನಗೆ ತಿಳಿಯದು. ನನಗೆ ಕೊಡಿ ಅಂದೆ.

ಅಣ್ಣಾಚಿ ನಕ್ಕರು. “ತಗೊಂಡೋಗಿ ಏನ್ ಮಾಡ್ತೀಯ ಅಂಜಲೈ? ಇದಕ್ಕೆ ಬೇಕಾಗಿರೋದು ಬೆಳಕು, ಫಾರಿನ್ ಲೈಟು. ನಿಮ್ಮನೆ ಟ್ಯೂಬ್‌ಲೈಟಲ್ಲಿ ಇದೇನಾದ್ರೂ ಬದುಕಿದ್ರೆ ನಾನು ಮೀಸೆ ಬೋಳಿಸ್ತೀನಿ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಕೊಳತ್ತೂರಿನಲ್ಲಿ ಮೀನು ಸಾಕುವವರಿಗೇನೂ ಬರವಿಲ್ಲ. ಆದರೆ ಮಹಡಿಯ ಮೇಲೆ ಸಿಮೆಂಟು ತೊಟ್ಟಿ ಕಟ್ಟಿ ಗಪ್ಪಿ ಸಾಕುವ ನಮ್ಮಂಥವರು ಸಿಹಿನೀರಿನವರು. ಉಪ್ಪುನೀರಿನ ತೊಟ್ಟಿ ಕಾರಿನಲ್ಲಿ ಬಂದಿಳಿಯುವವರದು. ಮೀನು ಸಾಕುವವರ ಸಂಘದ ವಾರ್ಷಿಕ ಪ್ರದರ್ಶನದಲ್ಲೂ ಎರಡು ಸಾಲು. ಬಾಗಿಲ ಹತ್ತಿರ ಕಡಲ ಸಾಲು, ಕಕ್ಕಸಿನ ಹತ್ತಿರ ಗಪ್ಪಿ ಸಾಲು. ಕಡಲ ಸಾಲಿನಲ್ಲಿ ಕಂಪನಿ ಲೈಟು ಇರಲೇಬೇಕೆಂಬ ನಿಯಮ ಬರೆದವರು ಸಂಘದ ಕಾರ್ಯದರ್ಶಿ. ಆ ಕಾರ್ಯದರ್ಶಿ ಇದೇ ಅಣ್ಣಾಚಿ. ಲೈಟು ಮಾರುವವರೂ ಅವರೇ.

ನಾನು ಬಕೆಟ್ಟು ಎತ್ತಿಕೊಂಡು ಬಂದೆ. ಸೇವಂತಿಗೆಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕಿನಿಂದ ಪಾಚಿ ಬದುಕಬೇಕು, ಪಾಚಿಯಿಂದ ಅದು ಬದುಕಬೇಕು. ಬೆಳಕು ತಾನೇ, ನಾನು ಮಾಡುತ್ತೇನೆ ಅಂತ ಹಟ ಬಂತು.

ಆ ಪಾಚಿಗೆ ಬೇಕಾದ ನೀಲಿ ಬೆಳಕು ನನ್ನ ತಮ್ಮ ಏಕಾಂಬರಂ ಕಡೆಯಿಂದ ಬಂತು. ಅವನು ಹೆರಿಗೆ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಹುಟ್ಟುತ್ತಲೇ ಕಾಮಾಲೆಯಾದ ಕೂಸುಗಳನ್ನು ಅಲ್ಲಿ ನೀಲಿ ಟ್ಯೂಬುಗಳ ಕೆಳಗೆ ಮಲಗಿಸುತ್ತಾರೆ. ಇಂತಿಷ್ಟು ಗಂಟೆ ಉರಿದ ಮೇಲೆ, ಇನ್ನೂ ಉರಿಯುತ್ತಿದ್ದರೂ, ಆ ಟ್ಯೂಬು ಬದಲಾಯಿಸಲೇಬೇಕು. ಹಾಗೆ ತೆಗೆದಿಟ್ಟಿದ್ದ ನಾಲ್ಕನ್ನು ಅವನು ದೊಡ್ಡ ನರ್ಸಮ್ಮನನ್ನು ಕೇಳಿಯೇ ತಂದ. ಜೊತೆಗೆ ಎರಡು ಬಿಳಿ ಟ್ಯೂಬು. ಚೋಕುಗಳನ್ನು ಹೊರಗೆ ತಗಡಿನ ಡಬ್ಬದಲ್ಲಿಟ್ಟ. ಉಪ್ಪಿನ ತೇವ ಒಳಗೆ ಹೋಗದಂತೆ ಟ್ಯೂಬಿನ ತುದಿಗಳಿಗೆ ಸೈಕಲ್ಲಿನ ರಬ್ಬರು ಸುತ್ತಿದ.

ಇವನ್ನೆಲ್ಲ ಹೊತ್ತು ಗಾಜಿನ ತೊಟ್ಟಿಯ ಮೇಲೆ ಕೂರುವ ಪೆಟ್ಟಿಗೆ ಮಾಡಿದವನು ಸೂಸೈ ತಾತ. ಕಾಸಿಮೇಡು ಬಂದರಿನಲ್ಲಿ ನಲವತ್ತು ವರ್ಷ ದೋಣಿ ಕಟ್ಟಿದ ಬಡಗಿ. ಫೈಬರ್ ದೋಣಿ ಬಂದ ಮೇಲೆ ಕೇಳುವವರಿಲ್ಲದೆ ನಮ್ಮ ಬೀದಿಯ ಮಗಳ ಮನೆ ಸೇರಿದ್ದ. ಹೆಬ್ಬಲಸಿನ ಹಲಗೆ ಎಷ್ಟು ವರ್ಷದಿಂದ ಮಂಚದ ಕೆಳಗೆ ಇಟ್ಟುಕೊಂಡಿದ್ದನೋ, ಕೇಳಿದ ತಕ್ಷಣ ಎಳೆದು ತಂದ. ಒಳಗೆ ಬಿಳಿ ಬಣ್ಣ ಬಳಿದು, ತಾಮ್ರದ ಮೊಳೆ ಹೊಡೆದು, ಒಂದು ಕೂದಲೂ ತೂರದ ಹಾಗೆ ಕೂಡಿಸಿದ.

“ಉಪ್ಪುನೀರಿಗೆ ಕಬ್ಬಿಣ ಆಗಲ್ಲ ಮಗಾ. ತಾಮ್ರದ ಮೊಳೆ ಹೊಡೆದ ನನ್ನ ದೋಣಿ ಮೂವತ್ತು ವರ್ಷ ಕಡಲಲ್ಲಿತ್ತು,” ಅಂದ. ಆ ಮಾತಿನಲ್ಲಿದ್ದ ಗತ್ತು ಕಂಡು ನನಗೂ ಎದೆ ಉಬ್ಬಿತು.

ಮೊದಲ ವಾರ ಹೂವು ಚೆನ್ನಾಗಿಯೇ ಅರಳಿತು. ಸಿಗಡಿ ಚೂರು ಕೊಟ್ಟರೆ ನುಂಗಿತು. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಮುದುಡಿ, ಬಾಯಿ ತೆರೆದು, ಬಂಡೆಯಿಂದ ಅರ್ಧ ಕಿತ್ತು ನೇತಾಡುತ್ತಿತ್ತು. ನೀರಿಗೆ ಏನೂ ಆಗಿರಲಿಲ್ಲ, ಬಿಸಿಯೂ ಹೆಚ್ಚಿರಲಿಲ್ಲ. ಪೆಟ್ಟಿಗೆ ಎತ್ತಿ ತಿರುವಿದೆ. ಪ್ರತಿ ಮೊಳೆಯ ತಲೆಯ ಸುತ್ತ ಹಸಿರು ಕಿಲುಬು, ಅದರ ತುದಿಯಲ್ಲೊಂದು ಹನಿ.

ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಮೀನಿಗೆ ಚುಕ್ಕಿ ರೋಗ ಬಂದರೆ ನಾನು ತೊಟ್ಟಿಗೆ ಹಾಕುವುದು ತಾಮ್ರದಿಂದಲೇ ಮಾಡಿದ ಮೈಲುತುತ್ತ. ಹಾಕುವ ಮೊದಲು ಬಸವನಹುಳುಗಳನ್ನು ಎತ್ತಿಡುತ್ತೇನೆ, ಯಾಕೆಂದರೆ ಮೂಳೆಯಿಲ್ಲದ ಜೀವಕ್ಕೆ ತಾಮ್ರ ವಿಷ. ಇಪ್ಪತ್ತು ವರ್ಷದಿಂದ ಕೈಯಲ್ಲಿ ಮಾಡುತ್ತಿದ್ದದ್ದು ತಲೆಗೆ ಹೊಳೆಯಲಿಲ್ಲ. ಕಡಲು ದೊಡ್ಡದು, ಮೊಳೆಯ ವಿಷ ಅದಕ್ಕೆ ಏನೂ ಅಲ್ಲ. ನನ್ನ ಕಡಲು ಇಪ್ಪತ್ತು ಕೊಡ ನೀರು.

ಹೂವನ್ನು ಬಂಡೆಯ ಸಮೇತ ಬೇರೆ ಟಬ್ಬಿಗೆ ಹಾಕಿ, ಹಳೆಯ ನೀರು, ಮರಳು ಎಲ್ಲವನ್ನೂ ಚೆಲ್ಲಿದೆ. ಏಕಾಂಬರಂ ಆಟೋದಲ್ಲಿ ಕಡಲ ನೀರು ತಂದು ಸುರಿದ. ಸೂಸೈ ತಾತನಿಗೆ ವಿಷಯ ಹೇಳಿದೆ. ಕೂತು ಒಂದೊಂದೇ ಮೊಳೆ ಕಿತ್ತು, ಎಲ್ಲ ಪಂಚೆಯ ತುದಿಗೆ ಕಟ್ಟಿಕೊಂಡು, ತಲೆ ತಗ್ಗಿಸಿ ಹೊರಟುಹೋದ. ಎರಡು ದಿನ ಈ ಕಡೆ ಸುಳಿಯಲಿಲ್ಲ. ಅಣ್ಣಾಚಿಗೆ ಸುದ್ದಿ ಮುಟ್ಟಿತ್ತು. ಹೂವಿನ ತಿಥಿಗೆ ವಡೆ ಉಂಟಾ ಅಂತ ಕೇಳಿ ಕಳಿಸಿದ್ದರು. ನನಗೆ ಬಂದ ಸಿಟ್ಟಿನಲ್ಲಿ ಅಲ್ಲೇ ಹೋಗಿ ಜಗಳ ಆಡುತ್ತಿದ್ದೆ, ಆದರೆ ಹೂವನ್ನು ಬಿಟ್ಟು ಕದಲುವ ಹಾಗಿರಲಿಲ್ಲ.

ಮೂರನೆಯ ದಿನ ತಾತ ಬಂದ. ಕೈಯಲ್ಲಿ ಡ್ರಿಲ್ಲು, ಹೆಗಲ ಮೇಲೆ ತೆಂಗಿನ ನಾರಿನ ಹಗ್ಗ.

“ಮೊಳೆ ಹೊಡೆಯೋದು ಆಮೇಲೆ ಕಲಿತಿದ್ದು. ಮೊದಲು ಕಲಿತಿದ್ದು ಹೊಲಿಯೋದು,” ಅಂದ. “ನಮ್ಮಪ್ಪ ಕಟ್ಟಿದ ದೋಣೀಲಿ ಒಂದು ಮೊಳೆ ಇರ್ತಿರಲಿಲ್ಲ. ಅಲೆ ಹೊಡೆದ್ರೆ ಮೊಳೆ ಬಿಡುತ್ತೆ, ಹೊಲಿಗೆ ಬಗ್ಗುತ್ತೆ.”

ತೆಂಗಿನ ನಾರು ನೀರಿಗೆ ಬಣ್ಣ ಬಿಡುತ್ತದೆ ಅಂತ ನಾನು ತಡೆದೆ. ತಾತ ಬಲೆಯ ನೈಲಾನ್ ದಾರ ತರಿಸಿ, ಮೂರೆಳೆ ಹೊಸೆದು ಹೊಸ ಹಗ್ಗ ಮಾಡಿದ. ಹಲಗೆಗಳ ಅಂಚಿಗೆ ಸಾಲಾಗಿ ತೂತು ಕೊರೆದು, ಕಾಲು ಒತ್ತಿ ಹಗ್ಗ ಎಳೆದೆಳೆದು ಅಡ್ಡಡ್ಡ ಹೊಲಿದ. ಟ್ಯೂಬಿನ ಹೋಲ್ಡರುಗಳನ್ನೂ ಕಟ್ಟಿಯೇ ಕೂರಿಸಿದೆವು. ಲೋಹದ ಒಂದು ಚೂರೂ ನೀರಿನ ಮೇಲೆ ಉಳಿಯಲಿಲ್ಲ. ಆದರೆ ತಾತ ತೊಟ್ಟಿಯೊಳಗೆ ಮಾತ್ರ ನೋಡುತ್ತಿರಲಿಲ್ಲ. ಆ ಕಡೆ ಕತ್ತು ತಿರುಗಿಸದೆ ಕೆಲಸ ಮುಗಿಸಿ ಹೋಗುತ್ತಿದ್ದ.

ಬೆಳಗಿನ ಹತ್ತಕ್ಕೆ ಬೆಳಕು, ಸಂಜೆ ಆರಕ್ಕೆ ಕತ್ತಲೆ. ಮದುವೆ ಇರಲಿ ಸಾವಿರಲಿ, ಆ ಹೊತ್ತು ನಾನು ತಪ್ಪಿಸಲಿಲ್ಲ. ಮೂರು ವಾರಕ್ಕೆ ಹೂವು ಮತ್ತೆ ಬಂಡೆ ಹಿಡಿಯಿತು. ಎರಡು ತಿಂಗಳಿಗೆ ಬುಡದಲ್ಲಿ ಕಂದು ಬಂತು. ಪೊಂಗಲ್ ಕಳೆಯುವ ಹೊತ್ತಿಗೆ ಬೆರಳ ತುದಿಗಳಲ್ಲಿ ನೇರಳೆ ಬಣ್ಣ ಇತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಪ್ರದರ್ಶನದ ಮುಂಚಿನ ದಿನ ಅಣ್ಣಾಚಿ ಮನೆಗೇ ಬಂದರು. ತುಂಬ ಹೊತ್ತು ನೋಡಿದರು.

“ಹೂವೇನೋ ಸರಿ. ಈ ಶವಪೆಟ್ಟಿಗೆ ಬೇಡ. ಇದನ್ನ ತೆಗೆದು ನನ್ನ ಲೈಟು ಇಡು, ಕಡಲ ಸಾಲಲ್ಲಿ ಮೊದಲನೇ ಜಾಗ ನಿಂದೇ.”

“ಪೆಟ್ಟಿಗೆ ಬಂದ್ರೆ ಹೂವು ಬರುತ್ತೆ ಅಣ್ಣಾಚಿ. ಗಪ್ಪಿ ಸಾಲು ನಮಗೇನೂ ಹೊಸದಲ್ಲ. ಮೀಸೆ ನೀವೇ ಇಟ್ಕೊಳ್ಳಿ.”

ಹಾಗೆ ಕಕ್ಕಸಿನ ಪಕ್ಕದಲ್ಲೇ ಇಟ್ಟೆವು. ಹನ್ನೊಂದು ಗಂಟೆಗೆಲ್ಲ ಕಡಲ ಸಾಲು ಖಾಲಿ. ಮಕ್ಕಳು ಹೊಲಿಗೆ ಎಣಿಸುತ್ತಿದ್ದರು, ದೊಡ್ಡವರು ಮೂಗು ಮುಚ್ಚಿಕೊಂಡೇ ನಿಂತು ನೋಡುತ್ತಿದ್ದರು. ಕೂಸುಗಳ ಲೈಟು ಅಂತ ಏಕಾಂಬರಂ ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡ. ಐದಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಆರಾದರೂ ಬರಲಿಲ್ಲ. ಆರಕ್ಕೆ ನಾನು ಸ್ವಿಚ್ಚು ಆರಿಸಿದೆ. ಹೂವು ನಿಧಾನವಾಗಿ ಮುದುಡಿಕೊಂಡಿತು.

ಆರೂವರೆಗೆ ಹಾರ ಹಾಕಿಕೊಂಡ ಸಾಹೇಬರು, ಅವರ ಹಿಂದೆ ಬೆವರುತ್ತಾ ಅಣ್ಣಾಚಿ. ಕಡಲ ಸಾಲು ದಾಟಿ ನೇರ ನಮ್ಮ ಹತ್ತಿರವೇ ಬಂದರು. ಎಲ್ಲರೂ ಹೇಳುತ್ತಿದ್ದ ಹೂವು ಇದೇನಾ ಅಂತ ಸಾಹೇಬರು ಕೇಳಿದರು.

“ಐದೇ ನಿಮಿಷ ಲೈಟು ಹಾಕು ಅಂಜಲೈ. ನನ್ನ ಮರ್ಯಾದೆ ಪ್ರಶ್ನೆ,” ಅಂತ ಅಣ್ಣಾಚಿ ಕಿವಿಯಲ್ಲಿ ಅಂದರು.

ಐದು ನಿಮಿಷಕ್ಕೆ ಅದು ಸಾಯುತ್ತಿರಲಿಲ್ಲ, ನನಗೆ ಗೊತ್ತು. ಆದರೆ ಚರಂಡಿಗೆ ಹೊರಟಿದ್ದ ಜೀವಕ್ಕೆ ಹಗಲು ರಾತ್ರಿ ಕೊಟ್ಟವರು ನಾವು. ಅದನ್ನು ಚೆಲ್ಲಲು ಬಕೆಟ್ಟು ಎತ್ತಿದ ಕೈ ಈಗ ಅದನ್ನು ಎಬ್ಬಿಸು ಅಂದರೆ ನಾನು ಎಬ್ಬಿಸುವುದಿಲ್ಲ.

“ಅದು ಮಲಗಿದೆ ಅಣ್ಣಾಚಿ. ನಾಳೆ ಹತ್ತಕ್ಕೆ ಏಳುತ್ತೆ. ಸಾಹೇಬರಿಗೆ ಆಗ ಬರಕ್ಕೆ ಹೇಳಿ.”

ಅಣ್ಣಾಚಿ ತಾವೇ ಸ್ವಿಚ್ಚಿಗೆ ಕೈ ಚಾಚಿದರು. ತೊಟ್ಟಿಯ ಪಕ್ಕ ಕೂತಿದ್ದ ಸೂಸೈ ತಾತ ಕುರ್ಚಿಯಿಂದ ಎದ್ದು, ಲೈಟಿನ ಪ್ಲಗ್ಗು ಕಿತ್ತು, ಪಂಚೆಯ ತುದಿಗೆ ಸುತ್ತಿಕೊಂಡು ಮತ್ತೆ ಕೂತ. ಆಮೇಲೆ, ಮೊಳೆ ಕಿತ್ತ ದಿನದಿಂದ ಮೊದಲ ಸಲ, ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ.